ಕ್ಲೈಮ್ಯಾಕ್ಸ್ ಮುಂದಿನ ಸಲ

ಎಲ್ಲರಿಗೂ ನಮಸ್ಕಾರ.

ಅಕ್ಕ, ಮಗಳೇ — ಗಂಡನನ್ನು, ಅಪ್ಪನನ್ನು ಕಳೆದುಕೊಂಡ ನಿಮ್ಮಿಬ್ಬರಿಗೆ ಮೊದಲು. ಆಮೇಲೆ ನಮ್ಮ ಡಾಕ್ಟರಿಗೆ, ಬೆಳಗಿನ ಪಾಳಿಯ ಡಯಾಲಿಸಿಸ್ ಮುಗಿದರೂ ಮನೆಗೆ ಹೋಗದೆ ಉಳಿದವರಿಗೆ, ಮಧ್ಯಾಹ್ನದ ಪಾಳಿಗೆಂದು ಬೇಗ ಬಂದವರಿಗೆ. ಕುರ್ಚಿ ಸಾಲದೆ ಕೆಲವರು ಮಂಚದ ಮೇಲೇ ಕುಳಿತಿದ್ದೀರಿ. ಪರವಾಗಿಲ್ಲ, ಕುಳಿತುಕೊಳ್ಳಿ. ಈ ವಾರ್ಡಿನ ಮಂಚಗಳ ಮೇಲೆ ನಿಮಗಿರುವಷ್ಟು ಹಕ್ಕು ಬೇರೆ ಯಾರಿಗೂ ಇಲ್ಲ.

ನಾನು ಇಲ್ಲಿನ ಹಿರಿಯ ನರ್ಸ್. ಭಾಷಣ ಮಾಡಿ ಅಭ್ಯಾಸವಿಲ್ಲ. ಇದೇ ಕೋಣೆಯಲ್ಲಿ ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದೆ, ಅಷ್ಟೇ ನನ್ನ ಅರ್ಹತೆ.

ಅವರ ಬಂಧುಗಳಲ್ಲಿ ಕೆಲವರು ಇಲ್ಲಿಗೆ ಮೊದಲ ಸಲ ಬಂದಿದ್ದೀರಿ. ನಿಮಗಾಗಿ ಸ್ವಲ್ಪ ವಿವರಿಸುತ್ತೇನೆ. ಇದು ಡಯಾಲಿಸಿಸ್ ವಾರ್ಡು. ಮೂತ್ರಪಿಂಡ ಕೆಲಸ ನಿಲ್ಲಿಸಿದವರು ವಾರಕ್ಕೆ ಮೂರು ಸಲ ಇಲ್ಲಿಗೆ ಬರುತ್ತಾರೆ. ತೋಳಿಗೆ ಎರಡು ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಶುದ್ಧವಾಗಿ ಇನ್ನೊಂದರಿಂದ ಹಿಂದಕ್ಕೆ ಬರುತ್ತದೆ. ನಾಲ್ಕು ಗಂಟೆ ಮಲಗಿರಬೇಕು. ಕೈ ಅಲ್ಲಾಡಿಸುವಂತಿಲ್ಲ. ಈ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ, ಆ ಸೂಜಿ ಚುಚ್ಚುತ್ತಿದ್ದ ಟೆಕ್ನಿಷಿಯನ್ ಅವರು. ನೀವು ಅವರನ್ನು ಮಾವ, ಚಿಕ್ಕಪ್ಪ, ಭಾವ ಎಂದು ಕರೆದಿದ್ದೀರಿ. ಇಲ್ಲಿ ಎಲ್ಲರಿಗೂ ಅವರು ‘ಇಂಟರ್ವಲ್ ಅಣ್ಣ’. ಮೂತ್ರಪಿಂಡದ ಡಾಕ್ಟರು ಕೂಡ ಒಮ್ಮೆ ಮರೆತು, “ಇಂಟರ್ವಲ್ ಎಲ್ಲಿ?” ಎಂದು ಕೇಳಿದ್ದುಂಟು. ಹೌದು ಸರ್, ನೀವೇ ಕೇಳಿದ್ದು. ನಗಬಹುದು, ಅವರೂ ನಗುತ್ತಿದ್ದರು.

ಆ ಹೆಸರು ಬಂದದ್ದು — ಅಲ್ಲಿ, ಆ ಗೋಡೆಯ ಮೇಲಿನ ಟೀವಿಯಿಂದ.

ಅವರು ಅದರಲ್ಲಿ ಹಾಕುತ್ತಿದ್ದದ್ದು ಒಂದೇ ಜಾತಿಯ ಸಿನಿಮಾ. ಹೊಡೆದಾಟ, ಬೆನ್ನಟ್ಟುವಿಕೆ, ಬಾಂಬು, ಗಾಜು ಒಡೆದುಕೊಂಡು ಹಾರುವ ಹೀರೋ. ಎಲ್ಲೆಡೆ ಜನ ಮುಗಿಬಿದ್ದು ನೋಡಿದ ದೊಡ್ಡ ದೊಡ್ಡ ಚಿತ್ರಗಳು. ಹಾಡಿನ ಚಿತ್ರ ಬೇಡ, ಅಳುವಿನ ಚಿತ್ರ ಬೇಡವೇ ಬೇಡ. ಇಲ್ಲಿಗೆ ಬರುವ ನಮ್ಮ ಟೀಚರಮ್ಮ ಒಮ್ಮೆ, “ಒಂದು ಒಳ್ಳೆ ಸಂಸಾರದ ಕಥೆ ಹಾಕಪ್ಪಾ” ಎಂದರು. “ಸಂಸಾರ ಮನೇಲಿ ಇದೆಯಲ್ಲ ಟೀಚರಮ್ಮ, ಇಲ್ಲಿ ರೈಲಿನ ಮೇಲೆ ಓಡೋಣ” ಎಂದರು ಇವರು.

ಸಿನಿಮಾ ಹಾಕುವುದರಲ್ಲಿ ಅವರಿಗೊಂದು ಕ್ರಮವಿತ್ತು. ಎಲ್ಲರೂ ಮಲಗಿ, ಯಂತ್ರ ಹದಕ್ಕೆ ಬಂದ ಮೇಲೆ ಚಿತ್ರ ಶುರು. ಬೆನ್ನಟ್ಟುವ ದೃಶ್ಯ ಕೊನೆಯ ಗಂಟೆಗೆ ಬರುವಂತೆ ನೋಡಿಕೊಳ್ಳುತ್ತಿದ್ದರು. ಬಿಪಿ ಇಳಿಯುವುದು, ಕಾಲು ಸೆಳೆಯುವುದು, ಮನಸ್ಸು ಮಂಕಾಗುವುದು ಎಲ್ಲ ಆ ಹೊತ್ತಿನಲ್ಲೇ. ಕಾರು ಬೆನ್ನಟ್ಟಿದರೆ ಬಿಪಿ ಏರುತ್ತದೆ ಎಂಬುದು ಅವರ ವಾದ. ಡಾಕ್ಟರು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರೂ ಕಣ್ಣು ಮುಚ್ಚುತ್ತಿರಲಿಲ್ಲ. ಅದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ, ವಿಲನ್ನೂ ಹೀರೋವೂ ಎದುರುಬದುರಾಗುವ ಹೊತ್ತಿಗೆ ಸರಿಯಾಗಿ ಯಂತ್ರದ ಗಂಟೆ ಹೊಡೆಯುತ್ತಿತ್ತು. ಇವರು ರಿಮೋಟ್ ಒತ್ತುತ್ತಿದ್ದರು. ಟಪ್.

“ಏಯ್, ಏಯ್, ಅಣ್ಣಾ!”

“ಕ್ಲೈಮ್ಯಾಕ್ಸ್ ಮುಂದಿನ ಸಲ!”

ಮುಂದಿನ ಸಲ ಎಂದರೆ ಮುಂದಿನ ಸಲ. ಆವತ್ತು ಮಂಚ ಹತ್ತಿದ ಕೂಡಲೇ ಆ ಕೊನೆಯ ಅರ್ಧ ಗಂಟೆ ಹಾಕುತ್ತಿದ್ದರು. ಮೊದಲೇ ಯಾಕೆ? — ಅದು ಸೂಜಿ ಚುಚ್ಚುವ ಹೊತ್ತು. ಆ ಸೂಜಿ ದಪ್ಪ. ಎಷ್ಟು ವರ್ಷವಾದರೂ ಅದು ಅಭ್ಯಾಸವಾಗುವುದಿಲ್ಲ, ಇಲ್ಲಿರುವ ಯಾರನ್ನಾದರೂ ಕೇಳಿ. ಆದರೆ ಇಲ್ಲಿ ಜನ ತೋಳು ಚಾಚಿ, “ಬೇಗ ಚುಚ್ಚಿ ಮಾರಾಯ್ರೇ, ಅಡ್ಡ ನಿಲ್ಲಬೇಡಿ, ಕಾಣಿಸ್ತಿಲ್ಲ” ಎಂದು ಅವರನ್ನೇ ಗದರಿಸುತ್ತಿದ್ದರು. ಅವರು ಟೀವಿಗೆ ಬೆನ್ನು ಹಾಕಿ, ಬಗ್ಗಿ, ಸದ್ದು ಕೇಳುತ್ತಾ — ಎಲ್ಲೋ ಏನೋ ಸ್ಫೋಟವಾಗಬೇಕು — ಆ ಕ್ಷಣದಲ್ಲಿ ಸೂಜಿ ಒಳಗೆ. ಈ ವಾರ್ಡಿನಲ್ಲಿ ಅಷ್ಟು ಕ್ಲೈಮ್ಯಾಕ್ಸ್ ಹಾಕಿದ ಮನುಷ್ಯ ಇಲ್ಲಿ ಒಂದನ್ನೂ ನೋಡಲಿಲ್ಲ. ಕೇಳಿಸಿಕೊಂಡರು, ಅಷ್ಟೇ.

ಜನಕ್ಕೆ ಇಂಥ ಸಿನಿಮಾಗಳಲ್ಲಿ ಏನು ಕಾಣುತ್ತದೆ ಎಂದು ನಾನು ತುಂಬ ಯೋಚಿಸಿದ್ದೇನೆ. ಬೇರೆ ಬೇರೆ ಭಾಷೆಗಳಿಂದ ಅನುವಾದವಾದ ಕಾದಂಬರಿ ಓದುವವಳು ನಾನು. ನಿಧಾನದ ಪುಸ್ತಕಗಳು. ಅವುಗಳಲ್ಲಿ ಒಬ್ಬ ಮೆಟ್ಟಿಲು ಇಳಿಯಲು ಒಂದು ಅಧ್ಯಾಯ ಬೇಕು. ಊಟದ ಬಿಡುವಿನಲ್ಲಿ ನಾನು ಆ ಮೂಲೆಯಲ್ಲಿ ಕುಳಿತು ಓದುತ್ತಿದ್ದರೆ ಇವರು ಹಾದುಹೋಗುವಾಗ ಕೇಳುತ್ತಿದ್ದರು.

“ಸಿಸ್ಟರ್, ಈ ಪುಸ್ತಕದಲ್ಲಿ ಯಾರಾದ್ರೂ ಉಳಿದ್ರಾ?”

“ಒಂದು ಕುದುರೆ ಉಳೀತು.”

“ಪರವಾಗಿಲ್ಲ, ಹೋದ ಸಲಕ್ಕಿಂತ ವಾಸಿ.”

ನಮ್ಮಿಬ್ಬರ ಸಾಹಿತ್ಯ ಚರ್ಚೆ ಇಷ್ಟೇ. ಇದು ವರ್ಷಗಟ್ಟಲೆ ನಡೆಯಿತು.

ಆದರೆ ಆ ಸಿನಿಮಾಗಳನ್ನು ನಾನು ಟೀವಿಯಲ್ಲಿ ನೋಡುವುದಕ್ಕಿಂತ ನಿಮ್ಮ ಮುಖಗಳಲ್ಲಿ ನೋಡಿದ್ದು ಹೆಚ್ಚು. ಬಾಂಬು ಸಿಡಿದಾಗ ನೀವು ಬೆಚ್ಚುತ್ತಿರಲಿಲ್ಲ. ನೀವು ಬಾಯಿ ಬಿಟ್ಟು ನೋಡುತ್ತಿದ್ದ ದೃಶ್ಯ ಬೇರೆ. ಹೀರೋ ಹೊಡೆದಾಟ ಮುಗಿಸಿ ಬೆವರು ಸುರಿಸುತ್ತಾ ಬಂದು ನೀರಿನ ಬಾಟಲಿ ಎತ್ತಿ — ಹೀಗೆ — ಗಟಗಟ ಕುಡಿಯುತ್ತಾನಲ್ಲ, ಅದು. ಇಡೀ ವಾರ್ಡು ನಿಟ್ಟುಸಿರು ಬಿಡುತ್ತಿತ್ತು. “ಪೂರ್ತಿ ಕುಡಿದ ನೋಡು!” “ಅರ್ಧ ಅಂಗಿ ಮೇಲೆ ಚೆಲ್ಲಿದ, ಪಾಪಿ!” ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆಂದು ಅದನ್ನು ಲೋಟದಲ್ಲಿ ಅಳೆದು ಕುಡಿಯುವವರಿಗೆ ಮಾತ್ರ ಗೊತ್ತಾಗುವ ಸಾಹಸ ಅದು. ಹೀರೋ ಮಹಡಿಯಿಂದ ಬೀಳುತ್ತಾನೆ, ಎದ್ದು ಕೋಟು ಕೊಡವಿಕೊಳ್ಳುತ್ತಾನೆ. ಅವನ ದೇಹ ಅವನ ಮಾತು ಕೇಳುತ್ತದೆ. ಇಲ್ಲಿ ಮಲಗಿದವರಿಗೆ ಅದಕ್ಕಿಂತ ದೊಡ್ಡ ಐಶ್ವರ್ಯ ಏನಿದೆ?

ಇನ್ನೊಂದು ದೃಶ್ಯ. ಪ್ರತಿಯೊಂದು ಚಿತ್ರದಲ್ಲೂ ಬರುತ್ತದೆ. ಗಾಯಗೊಂಡ ಹೀರೋ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ. ಕೈಯಲ್ಲಿ ಡ್ರಿಪ್. ಒಂದೇ ಏಟಿಗೆ ಸೂಜಿ ಕಿತ್ತೆಸೆದು ಕಿಟಕಿಯಿಂದ ಹಾರುತ್ತಾನೆ. ಒಂದು ಹನಿ ರಕ್ತವಿಲ್ಲ! ಇದು ಬಂದಾಗ ಇಂಟರ್ವಲ್ ಅಣ್ಣ ಏನೇ ಕೆಲಸದಲ್ಲಿರಲಿ, ಬೆನ್ನು ಹಾಕಿಕೊಂಡೇ ಟೀವಿಯ ಕಡೆಗೆ ಕೂಗುತ್ತಿದ್ದರು — “ಒತ್ತಿ ಹಿಡಿಯೋ! ಲೇ, ಹತ್ತಿ ಇಟ್ಟು ಒತ್ತಿ ಹಿಡಿಯೋ!” ಸೂಜಿ ತೆಗೆದ ಮೇಲೆ ಪ್ರತಿಯೊಬ್ಬರಿಗೂ ಅವರು ಹೇಳುತ್ತಿದ್ದ ಮಾತೇ ಅದು. ಬರಬರುತ್ತಾ ಇಡೀ ವಾರ್ಡು ಒಟ್ಟಿಗೆ ಕೂಗತೊಡಗಿತು. ಹೊರಗಿನ ಕಾರಿಡಾರಿನಲ್ಲಿ ಹೋಗುತ್ತಿದ್ದವರು ಗಾಬರಿಯಾಗಿ ಒಳಗೆ ಇಣುಕುತ್ತಿದ್ದರು. ಯಾರಿಗೆ ಏನಾಯಿತೋ ಎಂದು.

ಈಗ ಒಂದು ವಿಷಯ ಹೇಳಬೇಕು. ಇದನ್ನು ಹೇಳಲು ಕಿಟಕಿ ಪಕ್ಕದ ಮಂಚದ ದರ್ಜಿಯವರ ಒಪ್ಪಿಗೆ ಕೇಳಿದ್ದೇನೆ. “ಹೇಳಿ ಸಿಸ್ಟರ್, ನಾನೇನು ಕದ್ದಿದ್ದೀನಾ?” ಎಂದಿದ್ದಾರೆ.

ದರ್ಜಿಯವರು ಒಂದು ಕಾಲದಲ್ಲಿ ಇಲ್ಲಿಗೆ ಬರುವುದನ್ನು ನಿಲ್ಲಿಸಬೇಕೆಂದಿದ್ದರು. ನಿಲ್ಲಿಸಿದರೆ ಏನಾಗುತ್ತದೆ ಎಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಬೆರಳು ನಡುಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅಂಗಡಿಯನ್ನು ಭಾವಮೈದುನನಿಗೆ ಬಿಟ್ಟುಕೊಟ್ಟಿದ್ದರು. “ಮೂರು ದಿನ ಇಲ್ಲಿ, ಉಳಿದ ದಿನ ಸುಸ್ತು. ಇದೂ ಒಂದು ಬದುಕಾ?” ಎನ್ನುತ್ತಿದ್ದರು. ಡಾಕ್ಟರು ಮಾತಾಡಿದರು. ಮನೆಯವರು ಅತ್ತರು. ದರ್ಜಿಯವರು ಎಲ್ಲರಿಗೂ ವಿನಯದಿಂದ ತಲೆಯಾಡಿಸಿದರು, ಮನಸ್ಸು ಮಾತ್ರ ಬದಲಿಸಲಿಲ್ಲ.

ಆ ವಾರ ನಡೆಯುತ್ತಿದ್ದದ್ದು ಆಗಷ್ಟೇ ಹೆಸರು ಮಾಡಿದ್ದ ಚಿತ್ರ. ಎಲ್ಲರ ಬಾಯಲ್ಲೂ ಅದೇ. ರೈಲು, ರೈಲಿನಲ್ಲಿ ಬಾಂಬು, ಮುಂದೆ ಒಂದು ಸೇತುವೆ. ಹೀರೋ ಸೇತುವೆಯ ಕಡೆಗೆ ಓಡುತ್ತಿರುವಾಗ — ಟಪ್. “ಕ್ಲೈಮ್ಯಾಕ್ಸ್ ಮುಂದಿನ ಸಲ!” ಹತ್ತಿ ಒತ್ತಿಕೊಂಡು ಕುಳಿತಿದ್ದ ದರ್ಜಿಯವರು ಹೇಳಿದರು —

“ಇದೊಂದು ಮುಗಿಸ್ತೀನಿ ಅಣ್ಣಾ. ಕೊನೆ ನೋಡ್ಕೊಂಡು ಮನೆಗೆ ಹೋಗ್ತೀನಿ. ಆಮೇಲೆ ನನ್ನ ಮಂಚ ಬೇರೆಯವ್ರಿಗೆ ಕೊಡಿ.”

“ಹೀರೋ ಉಳೀತಾನೆ ಬಿಡಿ. ಅದನ್ನ ನೋಡೋಕೆ ಅಷ್ಟು ದೂರದಿಂದ ಬರ್ತೀರಾ?”

“ಉಳೀತಾನೆ ಅಂತ ಗೊತ್ತು. ಹೇಗೆ ಅಂತ ಗೊತ್ತಿಲ್ವಲ್ಲ.”

ನಾನು ಪಕ್ಕದಲ್ಲೇ ನಿಂತಿದ್ದೆ. ಎಷ್ಟೋ ಪುಸ್ತಕಗಳ ಮುನ್ನುಡಿಯಲ್ಲಿ ಸಿಗದ ಉತ್ತರ ಅದು. ಈ ಚಿತ್ರಗಳಿಗೆ ಜನ ಯಾಕೆ ಮುಗಿಬೀಳುತ್ತಾರೆ? ಕೊನೆ ಗೊತ್ತಿರುವುದರಿಂದ. ಉಳಿಯುತ್ತಾನೆ ಎಂಬ ಧೈರ್ಯ ಮೊದಲೇ ಕೈಯಲ್ಲಿರುತ್ತದೆ. ಆ ಧೈರ್ಯ ಇಟ್ಟುಕೊಂಡು ಹೆದರಬಹುದು. ಹಾಗೆ ಹೆದರಲು ಈ ಕೋಣೆಯಲ್ಲಿ ಬೇರೆ ಅವಕಾಶವೇ ಇಲ್ಲ.

ಇನ್ನು ಅಕ್ಕ ನನಗೆ ಹೇಳಿದ ಸಂಗತಿ. ರಜೆಯ ದಿನ ಅವರು ಮನೆಯಲ್ಲಿ ಅಕ್ಕನನ್ನು ಪಕ್ಕ ಕೂರಿಸಿಕೊಂಡು ಪ್ರತಿ ಚಿತ್ರದ ಕೊನೆಯ ಅರ್ಧ ಗಂಟೆಯನ್ನು ಮಾತ್ರ ನೋಡುತ್ತಿದ್ದರಂತೆ. ಮೊದಲಿನ ಕಥೆ ಇಲ್ಲ, ಹಿಂದುಮುಂದಿಲ್ಲ. “ಯಾರು ಯಾರನ್ನ ಯಾಕೆ ಹೊಡೀತಿದಾರೆ ಅಂತ ನಂಗೆ ಒಂದು ದಿನಾನೂ ಗೊತ್ತಾಗ್ಲಿಲ್ಲ” ಎಂದು ಅಕ್ಕ ಹೇಳಿದರು. ಹೀರೋ ಉಳಿದರೆ ಆ ಚಿತ್ರ ಪೆನ್‌ಡ್ರೈವ್ ಸೇರಿ ವಾರ್ಡಿಗೆ ಬರುತ್ತಿತ್ತು. ಉಳಿಯದಿದ್ದರೆ ಇಲ್ಲ. ಎಷ್ಟು ದೊಡ್ಡ ಚಿತ್ರವಾದರೂ ಇಲ್ಲ.

ರೈಲಿನ ಚಿತ್ರವನ್ನು ಮಾತ್ರ ಅವರು ಮೊದಲೇ ನೋಡಿರಲಿಲ್ಲ. ಅಷ್ಟು ಹೆಸರು ಮಾಡಿದೆ, ಅದರಲ್ಲಿ ಹೀರೋಗೆ ಏನಾದೀತು ಎಂದುಕೊಂಡರು. ಇಲ್ಲಿ ಅರ್ಧಕ್ಕೆ ನಿಲ್ಲಿಸಿದ ಮೇಲೆ ಮನೆಗೆ ಹೋಗಿ ನೋಡಿದರು. ಸೇತುವೆ ಕುಸಿಯಿತು. ರೈಲು ಉಳಿಯಿತು. ಹೀರೋ ಸತ್ತ.

ಅಕ್ಕ ಹೇಳುತ್ತಾರೆ, ಅವರು ಬಹಳ ಹೊತ್ತು ಟೀವಿ ಆರಿಸದೆ ಕುಳಿತಿದ್ದರಂತೆ. ಕೊನೆಯಲ್ಲಿ ಹೆಸರುಗಳು ಓಡುತ್ತವಲ್ಲ, ಅದೆಲ್ಲ ಮುಗಿಯುವವರೆಗೆ. ಆಮೇಲೆ, “ಈಗ ದರ್ಜಿಗೆ ಏನು ಹೇಳ್ಲಿ?” ಎಂದರಂತೆ.

ಮುಂದಿನ ಸಲ ನಾವೆಲ್ಲ ಬಂದಾಗ ಟೀವಿ ಕೆಟ್ಟಿತ್ತು. ಅದರ ತಂತಿ ಇವರ ಜೇಬಿನಲ್ಲಿತ್ತು, ತುದಿ ಹೊರಗೆ ಕಾಣುತ್ತಿತ್ತು. ಕಂಡೂ ಕಾಣದಂತೆ ನಾನು ಸೂಜಿಯ ಟ್ರೇ ತರಲು ಹೋದೆ.

“ಅಯ್ಯೋ! ಸೇತುವೆ ಏನಾಯ್ತು ಅಣ್ಣಾ?”

“ನಾನು ನೋಡಿದೀನಿ, ಹೇಳ್ತೀನಿ. ತೋಳು ಚಾಚಿ.”

ಬಾಗಿಲ ಪಕ್ಕದ ಮಂಚದಿಂದ ಶುರು ಮಾಡಿದರು. ಸೂಜಿ ಚುಚ್ಚುತ್ತಾ ಕಥೆ. ಕಥೆ ಹೇಳುತ್ತಾ ಸೂಜಿ. ಸಲೈನ್ ಸ್ಟ್ಯಾಂಡನ್ನು ವಾರೆ ಮಾಡಿ ಹಿಡಿದು, “ಇದೇ ಸೇತುವೆ ಅಂದ್ಕೊಳ್ಳಿ.” ಒಬ್ಬರ ಮಂಚದಲ್ಲಿ ಬಾಂಬು ಸಿಡಿಯಿತು. ಇನ್ನೊಬ್ಬರ ಮಂಚದಲ್ಲಿ ಸೇತುವೆ ಕುಸಿಯಿತು. ಟೀಚರಮ್ಮನ ಮಂಚಕ್ಕೆ ಬರುವಾಗ ಹೀರೋ ಗಾಳಿಯಲ್ಲಿದ್ದ. ಕೊನೆಗೆ ಕಿಟಕಿ ಪಕ್ಕಕ್ಕೆ ಬಂದರು. ಎಲ್ಲರ ಕಣ್ಣೂ ಅತ್ತಲೇ.

“ಸೊಂಟದ ಬೆಲ್ಟು ಒಂದು ಕಬ್ಬಿಣದ ತುಂಡಿಗೆ ಸಿಕ್ಕಿಹಾಕ್ಕೊಳ್ತು. ನೇತಾಡ್ತಾ ಇದಾನೆ. ಕೆಳಗೆ ನದಿ.”

“ಬೆಲ್ಟು ಹೇಗೆ ತಡೆಯುತ್ತೆ? ಅಷ್ಟು ಭಾರಕ್ಕೆ ಹೊಲಿಗೆ ಬಿಟ್ಟುಹೋಗುತ್ತೆ,” ದರ್ಜಿಯವರು ಹೇಳಿದರು.

“ಡಬಲ್ ಹೊಲಿಗೆ ಹಾಕಿಸಿದ್ದ.”

“ಯಾರ ಹತ್ರ?”

“ನಿಮ್ಮಂಥೋರ ಹತ್ರಾನೇ ಇರಬೇಕು.” ಸೂಜಿ ಒಳಗೆ ಹೋಯಿತು. ಟೇಪು ಅಂಟಿಸಿದರು. ಬೆನ್ನು ನೆಟ್ಟಗೆ ಮಾಡಿ ನಿಂತರು. “ಮಿಕ್ಕಿದ್ದು ಮುಂದಿನ ಸಲ.”

“ಮೋಸ! ಇದು ಮೋಸ!”

ಆ ಗಲಾಟೆ ನಿಮಗೆ ನೆನಪಿದೆ. ಆಗಿನಿಂದ ಆ ಹೀರೋ ನಮ್ಮ ವಾರ್ಡಿನಲ್ಲಿ ಎಷ್ಟು ಕಾಲ ನೇತಾಡಿದ ಎಂದು ನಾನು ಎಣಿಸಲಿಲ್ಲ. ಒಂದು ದಿನ ಹಗ್ಗ ಬಂತು. ಒಂದು ದಿನ ಹಗ್ಗ ತಂದವನೇ ವಿಲನ್‌ನ ತಮ್ಮ ಎಂದು ತಿಳಿಯಿತು. ಒಂದು ದಿನ ನದಿಗೆ ಬಿದ್ದ. “ನದೀಲಿ ನೀರು ಎಷ್ಟಿತ್ತು?” ಎಂದು ಟೀಚರಮ್ಮ ಆಸೆಯಿಂದ ಕೇಳಿದರು. ಯಾವ ಸಿನಿಮಾದಲ್ಲೂ ಅಷ್ಟು ಅಪಾಯ ಅಷ್ಟು ದಿನ ನಡೆದಿರಲಾರದು. ದರ್ಜಿಯವರು ಪ್ರತಿ ಸಲ ಬಂದರು. ಪ್ರತಿ ಸಲ ತಕರಾರು ತೆಗೆದರು. “ಒದ್ದೆ ಕೋಟು ಅಷ್ಟು ಬೇಗ ಒಣಗಲ್ಲ.” “ಆ ಬಟ್ಟೆ ಯಾವುದು ಹೇಳಿ ಮೊದಲು.” ಕೊನೆಗೊಂದು ದಿನ ಹೀರೋ ನಡೆದುಕೊಂಡು ತನ್ನ ಮನೆಗೆ ಹೋಗುತ್ತಾನೆ. ಹೆಂಡತಿ ಬಾಗಿಲು ತೆಗೆದು ಒಂದು ಚೊಂಬು ನೀರು ಕೊಡುತ್ತಾಳೆ. ಎತ್ತಿ ಪೂರ್ತಿ ಕುಡಿಯುತ್ತಾನೆ. “ಅಷ್ಟೇ. ಮುಗೀತು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ಕೈ ಯಂತ್ರಕ್ಕೆ ಕಟ್ಟಿರುವಾಗ ಚಪ್ಪಾಳೆ ಆಗುವುದಿಲ್ಲ. ಇನ್ನೊಂದು ಕೈಯಿಂದ ಎಲ್ಲರೂ ಮಂಚದ ಕಂಬಿ ಬಡಿದರು.

ಒಂದು ಸಿನಿಮಾ ಕಥೆ ಮನುಷ್ಯನನ್ನು ಉಳಿಸಿತು ಎಂದು ನಾನು ಹೇಳುವುದಿಲ್ಲ. ಅಷ್ಟರಲ್ಲಿ ಡಾಕ್ಟರು ಔಷಧಿ ಬದಲಿಸಿದ್ದರು, ನಡುಕ ಕಡಿಮೆಯಾಗಿತ್ತು. ಮನೆಯವರು ಒಂದು ದಿನವೂ ಕೈಬಿಟ್ಟಿರಲಿಲ್ಲ. ನಾನು ಹೇಳುವುದು ಇಷ್ಟೇ — ಹೀರೋ ಮನೆ ಸೇರುವ ಹೊತ್ತಿಗೆ ದರ್ಜಿಯವರು ‘ಬರಲ್ಲ’ ಎನ್ನುವುದನ್ನು ಬಿಟ್ಟಿದ್ದರು. ಆ ಕಿಟಕಿಯ ಪರದೆ ನೋಡಿ. ಅದು ಆಮೇಲೆ ಅವರು ಹೊಲಿದದ್ದು. ಡಬಲ್ ಹೊಲಿಗೆ.

ನಿಜವಾದ ಕೊನೆ ನಮ್ಮ ಮೂವರಿಗೆ ಮಾತ್ರ ಗೊತ್ತು ಎಂದು ನಾನು ನಂಬಿದ್ದೆ. ಅವರು, ಅಕ್ಕ, ನಾನು. ಅವರು ತೀರಿಕೊಂಡ ಮೇಲೆ ದರ್ಜಿಯವರು ಆ ಮಂಚದ ಮೇಲೆ ಕುಳಿತು ನನಗೊಂದು ಮಾತು ಹೇಳಿದರು.

“ಸಿಸ್ಟರ್, ಆ ರೈಲಿನ ಪಿಕ್ಚರಲ್ಲಿ ಹೀರೋ ಸಾಯ್ತಾನೆ. ಟೀವಿ ಕೆಡೋದಕ್ಕೆ ಮೊದಲೇ ನಂಗೆ ಗೊತ್ತಿತ್ತು. ಭಾವಮೈದುನ ನೋಡ್ಕೊಂಡು ಬಂದು ಅಂಗಡೀಲಿ ಎಲ್ಲಾರ ಮುಂದೆ ಹೇಳಿದ್ದ.”

“ಮತ್ತೆ ಯಾಕೆ ಬಂದಿರಿ?”

“ಸತ್ತೋನನ್ನ ಈ ಮನುಷ್ಯ ಹೇಗೆ ಉಳಿಸ್ತಾರೆ ಅಂತ ನೋಡೋಕೆ ಬಂದೆ.”



ಹೋದ ಶನಿವಾರ ಅವರು ಕೊನೆಯ ಸಲ ರಿಮೋಟ್ ಒತ್ತಿದರು. ಹೊಸ ಚಿತ್ರ. ಹೀರೋ ಎತ್ತರದ ಕಟ್ಟಡದಲ್ಲಿ, ಲಿಫ್ಟಿನ ಬಾವಿಯೊಳಗೆ, ಒಂದೇ ಕೈಯಲ್ಲಿ ತಂತಿ ಹಿಡಿದು ನೇತಾಡುತ್ತಿದ್ದಾನೆ. ಅಕ್ಕನಿಗೆ ಹೊರಗಡೆ ಕೆಲಸವಿದ್ದುದರಿಂದ ಹಿಂದಿನ ರಜೆಯಲ್ಲಿ ಈ ಚಿತ್ರದ ಕೊನೆ ನೋಡಿರಲಿಲ್ಲವಂತೆ. ಒಬ್ಬರೇ ನೋಡಲು ಅವರಿಗೆ ಧೈರ್ಯ ಇರಲಿಲ್ಲ ಎಂದು ಮಗಳು ಹೇಳುತ್ತಾಳೆ. ಭಾನುವಾರ ಅಕ್ಕ ಮನೆಯಲ್ಲಿರುತ್ತಾರೆ, ನೋಡಿಯೇ ಬಿಡೋಣ ಎಂದಿದ್ದರು. ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತವರು ಹಾಗೇ ಗೋಡೆಗೆ ಒರಗಿದರು. ಹೃದಯ ನಿಂತಿತು. ಅಕ್ಕನಿಗೆ ಅವರ ಕೈ ಹಿಡಿಯುವಷ್ಟು ಹೊತ್ತು ಮಾತ್ರ ಸಿಕ್ಕಿತು.

ಆಮೇಲೆ ಈ ಟೀವಿ ಹಚ್ಚಿಲ್ಲ. ನಾನು ಹಚ್ಚಲು ಹೋದೆ. ನೀವು ಬಿಡಲಿಲ್ಲ. ಬೇರೆ ಕಡೆಯಿಂದ ಬಂದ ಟೆಕ್ನಿಷಿಯನ್ ಒಳ್ಳೆಯ ಹುಡುಗಿ, ಕೈ ಹಗುರ. ಆದರೂ ಸೂಜಿಯ ಹೊತ್ತಿನಲ್ಲಿ ಎಲ್ಲರೂ ತೋಳನ್ನೇ ನೋಡುತ್ತಿದ್ದೀರಿ. ಎಲ್ಲರಿಗೂ ನೋಯುತ್ತಿದೆ. ಅವಳಿಗೂ ನೋಯುತ್ತಿದೆ, ಪಾಪ.

ಇವತ್ತು ಬಾಗಿಲಲ್ಲಿ ಅಕ್ಕ ಆ ಪೆನ್‌ಡ್ರೈವ್ ನನ್ನ ಕೈಗಿಟ್ಟರು. “ನಾನು ನೋಡಿಲ್ಲ ಸಿಸ್ಟರ್. ಅವರಿಲ್ದೆ ನೋಡೋಕಾಗ್ಲಿಲ್ಲ. ನೀವು ನೋಡಿ, ಆಮೇಲೆ ಹಾಕಿ” ಎಂದರು. ಅಕ್ಕ, ನಾನು ಓದುವ ಪುಸ್ತಕಗಳ ವಿಷಯ ಅವರು ನಿಮಗೆ ಹೇಳಿರಲಿಲ್ಲವೆಂದು ಕಾಣುತ್ತದೆ. ಹೀರೋ ಉಳಿಯುತ್ತಾನೋ ಇಲ್ಲವೋ ನೋಡುವ ಕೆಲಸಕ್ಕೆ ನನಗಿಂತ ಕೆಟ್ಟ ಆಳು ನಿಮಗೆ ಸಿಗುತ್ತಿರಲಿಲ್ಲ.

ನಾನು ದರ್ಜಿಯವರನ್ನು ಕೇಳಿದೆ. ಹಾಕಲಾ? ಬೇಡವಾ?

ಅವರು ಹೇಳಿದರು — “ಜೇಬಲ್ಲೇ ಇಟ್ಕೊಳ್ಳಿ ಸಿಸ್ಟರ್. ಅವನು ಹೇಗೆ ಹೊರಗೆ ಬರ್ತಾನೆ ಅಂತ ನಾನು ಹೇಳ್ತೀನಿ.”

“ನೀವು ನೋಡಿಲ್ವಲ್ಲ?”

“ಅದಕ್ಕೇ.”

ಹಾಗಾಗಿ, ಇನ್ನು ಸ್ವಲ್ಪ ಹೊತ್ತಿಗೆ ಮಧ್ಯಾಹ್ನದ ಪಾಳಿ ಶುರುವಾಗುತ್ತದೆ. ಸೂಜಿಯ ಹೊತ್ತಿಗೆ ಕಿಟಕಿ ಪಕ್ಕದ ಮಂಚದಿಂದ ಕಥೆ ಶುರುವಾಗುತ್ತದೆ. ಅಕ್ಕ, ಮಗಳೇ, ಉಳಿಯಲು ಆದರೆ ಉಳಿಯಿರಿ. ಇವತ್ತೇ ಮುಗಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಅದಕ್ಕೆ ಮೊದಲು ಒಂದು ಕೆಲಸ ಬಾಕಿಯಿದೆ — ಅವರಿಗಾಗಿ ಮೌನ. ಸೂಜಿ ತೆಗೆದ ಮೇಲೆ, ರಕ್ತ ನಿಲ್ಲುವವರೆಗೆ, ನೀವೆಲ್ಲ ತೋಳಿನ ಮೇಲೆ ಹತ್ತಿ ಇಟ್ಟು ಹೆಬ್ಬೆರಳಿನಿಂದ ಒತ್ತಿಕೊಂಡು ಮಾತಿಲ್ಲದೆ ಕೂರುತ್ತೀರಲ್ಲ — ಅಷ್ಟು ಹೊತ್ತು. ಅದಕ್ಕಿಂತ ಹೆಚ್ಚು ಬೇಡ, ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಆಗದವರು ಕುಳಿತೇ ಇರಿ. ಆಗುವವರು ದಯವಿಟ್ಟು ಎದ್ದು ನಿಲ್ಲಿ. ಅಕ್ಕ, ನೀವೂ. ನಿಮ್ಮ ತೋಳಿನಲ್ಲಿ ಸೂಜಿಯ ಗುರುತಿಲ್ಲ, ಆದರೂ.

ಕೈ ತೋಳಿನ ಮೇಲಿರಲಿ.

ಒತ್ತಿ ಹಿಡಿಯಿರಿ.